ಕೋವಿಮದ್ದಿನ ಚಮಚದ ಕಾಫಿ

ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದಾಗ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಮಾತ್ರ ಕೋವಿ ನೆನಪಾಗುತ್ತದೆ. ಗಾಬರಿಯಾಗಬೇಡಿ, ನಾನು ಸಾಧು ಮನುಷ್ಯ. ಪರದೇಶದ ಲೆಪರ್ಡ್ಸ್‌ಟೌನಿನ ಆಫೀಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವವನು. ಹುಡುಗನಾಗಿದ್ದಾಗ ಮೈಸೂರಿನಲ್ಲಿ ದೀಪಾವಳಿ ಪಟಾಕಿಗೆ ಉದ್ದನೆಯ ಊದುಬತ್ತಿ ಮುಟ್ಟಿಸಿ, ಅದು ಹೊತ್ತಿತೋ ಇಲ್ಲವೋ ನೋಡದೆ ಪಕ್ಕದ ಬೀದಿಗೆ ಓಡುತ್ತಿದ್ದೆ. ಅಂಥವನ ಕಾಫಿ ಡಬ್ಬಿಯೊಳಗೆ ಕೋವಿಮದ್ದು ಅಳೆಯುವ ಚಮಚ ಹೇಗೆ ಬಂತು ಎಂಬುದೇ ಈ ಕಥೆ.

ಚಮಚವೆಂದರೆ ದೊಡ್ಡದೇನಲ್ಲ. ಹಳೆಯ ತೋಟೆ, ಅಂದರೆ ಕಾಡತೂಸೊಂದರ ಹಿತ್ತಾಳೆಯ ಬುಡವನ್ನು ಕತ್ತರಿಸಿ, ಅಂಚು ಉಜ್ಜಿ, ಅದಕ್ಕೊಂದು ತಂತಿಯ ಹಿಡಿ ಬೆಸೆದಿದೆ. ಮನೆಗೆ ಬಂದವರು ಕೈಗೆತ್ತಿಕೊಂಡು, "ಎಷ್ಟು ಮುದ್ದಾಗಿದೆ, ಎಲ್ಲಿ ಸಿಕ್ತು?" ಎನ್ನುತ್ತಾರೆ. ನಾನು ಹೇಳುತ್ತೇನೆ. ಅವರು ಕಾಫಿ ಕಪ್ಪನ್ನು ಮೆಲ್ಲಗೆ ಕೆಳಗಿಡುತ್ತಾರೆ.

ಅದು ನನ್ನ ಮಾವನದು. ಹೆಂಡತಿ ಪೂವಿ ಕೊಡಗಿನವಳು, ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಮದುವೆಯ ಮಾತಿಗೆಂದು ಮೊದಲ ಸಲ ಅವರ ಮನೆಗೆ ಹೋದಾಗ ಮಾವ ಊಟದ ಮೇಜಿನ ಮೇಲೆ ಪೇಪರು ಹಾಸಿಕೊಂಡು ಖಾಲಿ ತೋಟೆಗಳಿಗೆ ಮತ್ತೆ ಮದ್ದು ತುಂಬುತ್ತಿದ್ದರು. ಫ್ಯಾನು ನಿಲ್ಲಿಸಿದ್ದರು, ರೇಡಿಯೋ ಆರಿಸಿದ್ದರು. ನನ್ನನ್ನು ನೋಡಿ ಹೇಳಿದ ಮೊದಲ ಮಾತು, "ಕೂತ್ಕೊಳ್ಳಿ. ಉಸಿರು ಸ್ವಲ್ಪ ಮೆಲ್ಲಗೆ ಬಿಡಿ."

ನಾನು ಉಸಿರನ್ನೇ ಬಿಡಲಿಲ್ಲ. ಮಾವ ಚಮಚವನ್ನು ಮದ್ದಿನೊಳಗೆ ಇಳಿಸಿ ಮೇಲೆತ್ತುತ್ತಿದ್ದರು. ಗುಡ್ಡೆಯಾಗಿ ನಿಂತ ಮದ್ದನ್ನು ಯಾರದೋ ಮದುವೆ ಕಾಗದದಿಂದ ಕತ್ತರಿಸಿದ ರಟ್ಟಿನ ಚೂರಿನಲ್ಲಿ ಒಂದೇ ಸಲ ಸವರಿ ಸಮ ಮಾಡುತ್ತಿದ್ದರು. ಆಮೇಲೆ ತೋಟೆಗೆ. "ಒತ್ತಬಾರ್ದು, ತಟ್ಟಬಾರ್ದು," ಎಂದರು. "ತಟ್ಟಿದ್ರೆ ಪುಡಿ ಕೆಳಗೆ ಕೂರುತ್ತೆ, ಜಾಸ್ತಿ ಹಿಡಿಯುತ್ತೆ. ಜಾಸ್ತಿ ಆದ್ರೆ ಕೋವಿ ಮುಂದಕ್ಕೆ ಹೊಡೆಯೋ ಬದಲು ಹಿಂದಕ್ಕೆ ಹೊಡೆಯುತ್ತೆ." ತೂಕ ಮಾಡಿದರಾಗದೇ ಎಂದು ಇಂಜಿನಿಯರ್ ಬುದ್ಧಿ ತೋರಿಸಿದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಗಳು ಇವರನ್ನ ತೂಕ ಮಾಡಿ ಆರಿಸಿದ್ಲಾ?" ಎಂದು ಅತ್ತೆಯನ್ನು ಕೇಳಿದರು. ಆಗ ನಾನು ಬಹಳ ಸಣ್ಣಗಿದ್ದೆ.

ಕೆಲವು ವರ್ಷಗಳಾದ ಮೇಲೆ ಇಲ್ಲಿನ ಒಂದು ಬೇಸಿಗೆಯಲ್ಲಿ ಮಾವ ಸಮುದ್ರದ ದಡದ ಡನ್ ಲಿಯರಿಯಲ್ಲಿರುವ ನಮ್ಮ ಮನೆಗೆ ಬಂದರು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಸೂಟ್‌ಕೇಸ್ ಬಿಚ್ಚಿದರೆ ಪಂಚೆಗಳ ನಡುವೆ ಕಾಫಿಪುಡಿ ಪೊಟ್ಟಣ, ಅದರ ಪಕ್ಕದಲ್ಲಿ ಈ ಚಮಚ. ಪೂವಿ ಕಿರುಚಿದಳು. "ಅಪ್ಪಾ, ಇದನ್ನ ವಿಮಾನದಲ್ಲಿ ತಂದ್ರಾ? ಮದ್ದಿನ ವಾಸ್ನೆ ಹಿಡಿಯೋ ಮಿಷನ್ ಇರತ್ತೆ ಅಲ್ಲಿ!"

"ಹುಣಸೆಹಣ್ಣು ಹಾಕಿ ತೊಳ್ದಿದ್ದೀನಿ," ಎಂದರು ಮಾವ. ಹಿಡಿದಿದ್ದರೆ ಹುಳಿಸಾರಿನ ವಾಸನೆ ಹಿಡಿಯಬೇಕಿತ್ತು ಎಂಬ ಧಾಟಿ.

ಪೂವಿ ಅದನ್ನು ಆಪರೇಷನ್ ಕತ್ತರಿಯ ಹಾಗೆ ಕುದಿಯುವ ನೀರಿನಲ್ಲಿ ಹಾಕಿಟ್ಟಳು. ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಡುಗೆಮನೆ ಕೈಬದಲಾಗಿತ್ತು. ನಾನು ಕಾಫಿಯ ವಿಷಯದಲ್ಲಿ ಸ್ವಲ್ಪ ಮಡಿವಂತ. ಪುಡಿಯನ್ನು ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗದೆ ಫಿಲ್ಟರಿಗೆ ಹಾಕಿದವನಲ್ಲ. ಆ ತಕ್ಕಡಿಯೀಗ ಅಕ್ಕಿ ಡಬ್ಬಿಯ ಹಿಂದೆ ಅಡಗಿತ್ತು. ಮಾವ ಚಮಚದಲ್ಲಿ ಪುಡಿ ಎತ್ತಿ, ನನ್ನ ಆಫೀಸಿನ ವಿಸಿಟಿಂಗ್ ಕಾರ್ಡಿನಿಂದ ಸವರುತ್ತಿದ್ದರು. ಆ ಕಾರ್ಡು ಕೊನೆಗೂ ಒಂದು ಉಪಯೋಗಕ್ಕೆ ಬಂತು. "ಈ ಊರಿನ ಗಾಳೀಲಿ ಬರೀ ತೇವ," ಎಂದರು. "ಪುಡಿ ನೀರು ಕುಡ್ದಿರುತ್ತೆ. ನಿನ್ನ ತಕ್ಕಡಿ ಆ ನೀರನ್ನೂ ಕಾಫಿ ಅಂತಾನೇ ತೂಗುತ್ತೆ." ಮಳೆ ಸುರಿಯುತ್ತಿದ್ದ ಜೂನ್ ತಿಂಗಳಲ್ಲಿ ಅದಕ್ಕೆ ಎದುರು ಮಾತಾಡುವುದು ಕಷ್ಟ.

ಮೊದಲ ದಿನದ ಕಾಫಿ ಅಮೃತ. ಎರಡನೆಯ ದಿನದ್ದು ಕಷಾಯ. ಮರುದಿನ ಮತ್ತೆ ಚೆನ್ನಾಗಿತ್ತು, ಅದರ ಮರುದಿನ ಕುಡಿದು ಆಫೀಸಿಗೆ ಹೋದವನು ಮಧ್ಯಾಹ್ನದವರೆಗೆ ಕಣ್ಣು ಮಿಟುಕಿಸಲಿಲ್ಲ. ಮಾವ ಪ್ರತಿದಿನ ಎದುರು ಕೂತು ನನ್ನ ಮುಖವನ್ನೇ ನೋಡುತ್ತಾ, "ಹೇಗಿದೆ?" ಎನ್ನುತ್ತಿದ್ದರು. ನಾನು, "ಗ್ರಾಂಡ್ ಆಗಿದೆ ಮಾವ," ಎನ್ನುತ್ತಿದ್ದೆ. ಈ ದೇಶದಲ್ಲಿ ಅದೊಂದು ಪದ ಕಲಿತರೆ ಸಾಕು, ಜೀವನ ಸಾಗುತ್ತದೆ. ಕಾಲು ಮುರಿದುಕೊಂಡು ಬಿದ್ದವನನ್ನು ಕೇಳಿದರೂ ಗ್ರಾಂಡ್ ಎನ್ನುತ್ತಾನೆ.

ಪಕ್ಕದ ಮನೆಯ ಡೆಕ್ಲನ್ ಇನ್ನೂ ಒಂದು ಕೈ ಮೇಲೆ. ನಿವೃತ್ತ ಮನುಷ್ಯ, ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಕ್ಲಬ್ಬಿನವನು. ಚಮಚವನ್ನು ನೋಡಿದ್ದೇ ತಡ, ಅವನ ಕಣ್ಣು ಹನಿಗೂಡಿತು. ಅವನ ಅಪ್ಪನೂ ಹಿಂದೆ ಹಿತ್ತಿಲ ಶೆಡ್ಡಿನಲ್ಲಿ ತೋಟೆ ತುಂಬುತ್ತಿದ್ದನಂತೆ. ಈಗ ಇಲ್ಲಿ ಮನೆಯಲ್ಲಿ ಹಾಗೆ ಮಾಡಿದರೆ ಗಾರ್ಡಾ, ಅಂದರೆ ಇಲ್ಲಿನ ಪೊಲೀಸರು, ಬಾಗಿಲಿಗೆ ಬರುತ್ತಾರೆ. ಅಂದಿನಿಂದ ಅವನು ಪ್ರತಿ ಭಾನುವಾರ ಹಾಜರು. ಭಾಷೆಯ ಹಂಗಿಲ್ಲದೆ ಇಬ್ಬರೂ ಬರೀ ಕೈಯಲ್ಲಿ ಗುರಿಯಿಟ್ಟು ಕಾಗೆ, ಹಂದಿ ಎಲ್ಲ ಹೊಡೆಯುತ್ತಿದ್ದರು. ಡೆಕ್ಲನ್ ಮಾವನ ಕಾಫಿ ಕುಡಿದು, ಒಂದು ಕ್ಷಣ ಗೋಡೆ ನೋಡಿ, "ಗ್ರಾಂಡ್," ಎನ್ನುತ್ತಿದ್ದ.

ಕೊನೆಗೆ ತಡೆಯಲಾಗದೆ, ಮಾವ ಪುಡಿ ಹಾಕಿಟ್ಟು ನೀರು ಕಾಯಿಸುವ ಹೊತ್ತಿಗೆ ಫಿಲ್ಟರನ್ನು ಕದ್ದು ತಕ್ಕಡಿಯ ಮೇಲಿಟ್ಟು ನೋಡತೊಡಗಿದೆ. ಚಮಚ ಅದೇ, ಸವರುವುದೂ ಅದೇ. ಆದರೆ ಒಂದು ದಿನದ ಅಂಕೆಗೂ ಇನ್ನೊಂದು ದಿನದ ಅಂಕೆಗೂ ನೆಂಟಸ್ತಿಕೆಯೇ ಇರಲಿಲ್ಲ. ಪೂವಿಗೆ ಹೇಳಿದೆ.

"ಗೊತ್ತು," ಎಂದಳು. "ಅಪ್ಪನ ಕೈ ನಡುಗ್ತಿದೆ. ಏರ್‌ಪೋರ್ಟಲ್ಲೇ ನೋಡ್ದೆ. ಊರಿಗೆ ಹೋದ್ರೆ ಕೈಲ್‌ಪೊಳ್ದ್ ಬರತ್ತೆ. ಮನೆತನದೋರಿಗೆಲ್ಲ ತೋಟೆ ತುಂಬೋದು ಅಪ್ಪಾನೇ."

ಕೈಲ್‌ಪೊಳ್ದ್ ಎಂದರೆ ಕೊಡಗಿನವರ ಆಯುಧಪೂಜೆ. ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಎಲ್ಲರೂ ಗುರಿಯಿಡುತ್ತಾರೆ. ಹೆಂಗಸರು, ಕಾಲೇಜು ಹುಡುಗಿಯರು ಎಲ್ಲರೂ. ಮಾವ ತುಂಬಿದ ತೋಟೆ ಎಲ್ಲರ ಕೆನ್ನೆಯ ಪಕ್ಕದಲ್ಲಿ ಸಿಡಿಯಬೇಕು.

"ಹಾಗಾದ್ರೆ ಹೇಳು ಅವರಿಗೆ," ಎಂದೆ.

"ನೀನ್ ಹೇಳು."

"ನಿಮ್ಮಪ್ಪ. ನೀನು ಡಾಕ್ಟರು."

"ದಿನಾ ಕುಡಿದು ಹೊಗಳ್ತಿರೋದು ನೀನು."

ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತಾ, ಕಷಾಯ ಕುಡಿಯುತ್ತಾ ಬೇಸಿಗೆ ಕಳೆಯಿತು. ಹೊರಡುವ ವಾರದಲ್ಲಿ ಒಂದು ಬೆಳಿಗ್ಗೆ, ನಾನು ಫಿಲ್ಟರನ್ನು ತಕ್ಕಡಿಯ ಮೇಲಿಟ್ಟು ಬಗ್ಗಿ ನೋಡುತ್ತಿರುವಾಗ ಹಿಂದಿನಿಂದ ದನಿ ಬಂತು.

"ಎಷ್ಟು ತೋರಿಸ್ತಿದೆ?"

ನಾನು ಕಳ್ಳಬೆಕ್ಕಿನ ಹಾಗೆ ನಿಂತೆ. "ಗ್ರಾಂಡ್ ಆಗಿದೆ ಮಾವ," ಎಂದೆ. ತಕ್ಕಡಿಯನ್ನೂ ಹೊಗಳುವ ಅಭ್ಯಾಸ ಅಷ್ಟರಲ್ಲಿ ಬಂದುಬಿಟ್ಟಿತ್ತು.

ಮಾವ ಕುರ್ಚಿ ಎಳೆದು ಕೂತರು. ಬಲಗೈಯನ್ನು ಮೇಜಿನ ಮೇಲಿಟ್ಟರು. ಅದು ತನ್ನ ಪಾಡಿಗೆ ಸಣ್ಣಗೆ ಅದುರುತ್ತಿತ್ತು. "ನೋಡು, ಈ ಕೈ ತಾನೇ ಚಮಚ ತಟ್ಟುತ್ತೆ. ನಾನು ತಟ್ಟಬೇಕಾಗಿಲ್ಲ. ಊರಲ್ಲೇ ಅನುಮಾನ ಬಂದಿತ್ತು. ಮದ್ದಲ್ಲಿ ಪರೀಕ್ಷೆ ಮಾಡೋಕಾಗುತ್ತಾ? ಕಾಫೀಲಿ ಮಾಡೋಣ, ಮಗಳು ಅಳಿಯ ಇದ್ದಾರೆ, ಹೇಳ್ತಾರೆ ಅಂತ ಅಷ್ಟು ದೂರದಿಂದ ಚಮಚ ಹೊತ್ಕೊಂಡು ಬಂದೆ. ನನ್ನ ನಾಲಿಗೆಗೂ ವಯಸ್ಸಾಗಿದೆ, ಅದನ್ನ ನಂಬೋ ಹಾಗಿಲ್ಲ. ದಿನಾ ಕೇಳಿದೆ. ದಿನಾ ಗ್ರಾಂಡ್, ಗ್ರಾಂಡ್. ನಿಜ ಹೇಳದೋರ ಕೈಗೆ ನಮ್ಮಲ್ಲಿ ಕೋವಿ ಕೊಡಲ್ಲ."

ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ತಕ್ಕಡಿಯನ್ನು ಅವರ ಕಡೆ ತಿರುಗಿಸಿದೆ. ದಿನದಿನದ ಏರುಪೇರನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಮಾವ ಕೇಳಿ, ತಲೆಯಾಡಿಸಿ, ಆ ದಿನದ ಕಷಾಯವನ್ನು ಪೂರ್ತಿ ಕುಡಿದರು. ಊರಿಗೆ ಹೋಗುವಾಗ ಚಮಚವನ್ನು ಡಬ್ಬಿಯೊಳಗೇ ಬಿಟ್ಟುಹೋದರು. ಆ ವರ್ಷದ ಹಬ್ಬಕ್ಕೆ ಅಂಗಡಿಯ ತೋಟೆ ಬಂತು. ಮಾವ ವಿಡಿಯೋದಲ್ಲಿ ಅದನ್ನು ಎತ್ತಿ ತೋರಿಸಿ, ಬೇರೆಯವರ ಮನೆ ಹೋಳಿಗೆಯ ಬಗ್ಗೆ ಮಾತಾಡುವಂತೆ, "ಪರವಾಗಿಲ್ಲ," ಎಂದರು. ಕಾಯಿ ಒಡೆದದ್ದು ಅವರ ತಮ್ಮನ ಸೊಸೆ. ಎಲ್ಲರ ಕೆನ್ನೆಗಳೂ ಸ್ವಸ್ಥಾನದಲ್ಲಿದ್ದವು.

ಈಗ ನಮ್ಮ ಮನೆಯಲ್ಲಿ ಆ ಚಮಚದಲ್ಲಿ ಅಳೆಯುವವನು ನಾನು. ತಕ್ಕಡಿಯನ್ನು ಯಾರಿಗೋ ಕೊಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ಅವಸರದಲ್ಲಿ ಪುಡಿ ಎತ್ತಿದವನು ಮರೆತು ಚಮಚವನ್ನು ಡಬ್ಬಿಯ ಅಂಚಿಗೆ ಟಕಟಕ ಬಡಿದೆ, ಮೇಲೆ ಇನ್ನಷ್ಟು ತುಂಬಿಕೊಂಡೆ. ಭಾನುವಾರವಾದ್ದರಿಂದ ಡೆಕ್ಲನ್ ಬಂದು ಕೂತಿದ್ದ. ಒಂದು ಗುಟುಕು ಕುಡಿದ. ಅವನ ಕಿವಿ ಕೆಂಪಾಯಿತು.

"ಗ್ರಾಂಡ್," ಎಂದ.

"ಡೆಕ್ಲನ್, ನಿಜ ಹೇಳು," ಎಂದೆ.

"ನಿಜವಾಗ್ಲೂ?" ಅವನು ಪೂವಿಯ ಕಡೆ ನೋಡಿದ, ಕಿಟಕಿಯಾಚೆ ಸಮುದ್ರದ ಕಡೆ ನೋಡಿದ, ಕಪ್ಪನ್ನು ಕೆಳಗಿಟ್ಟ. "ಘೋರವಾಗಿದೆ. ನಿನ್ನ ಮಾವ ಬಂದಿದ್ದ ಬೇಸಿಗೆಯಿಂದ ಒಂದು ಭಾನುವಾರವೂ ಬಿಡದೆ ಘೋರವಾಗಿದೆ. ನನಗೆ ಕಾಫಿಯೇ ಸೇರುವುದಿಲ್ಲ. ಒಂದು ಕಪ್ ಟೀ ಸಿಗಬಹುದೇ?"

ಪೂವಿ ನಕ್ಕು ನಕ್ಕು ಕೆಟಲ್ ಇಟ್ಟಳು. ನಾನು ಆಗಲೇ ಮಾವನಿಗೆ ಫೋನು ಹಚ್ಚಿ, ಡೆಕ್ಲನ್ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರಿಗೆ ಬೇಜಾರಾಯಿತೇನೋ ಎಂದು ನಾನು ಸಮಾಧಾನದ ಮಾತು ಹುಡುಕುತ್ತಿರುವಾಗ ಮಾವ ಗಂಟಲು ಸರಿಮಾಡಿಕೊಂಡರು.

"ಅವನ ಕೈಗೆ ಕೋವಿ ಕೊಡಬಹುದು," ಎಂದರು.