ಹುಳದ ಮನೆಯಲ್ಲಿ ಹಾಡಿದ ಅಕ್ಕ

ಮೊನ್ನೆ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ರೈತ ರೇಷ್ಮೆಗೂಡಿನ ಚೀಲವನ್ನು ನನ್ನ ಕಾಲ ಬಳಿ ಇಳಿಸಿ ಪಕ್ಕದಲ್ಲಿ ಕೂತ. ಸೊಪ್ಪು, ಸುಣ್ಣ, ಹುಳದ ಹಿಕ್ಕೆ ಬೆರೆತ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಸೋಸಲೆ ಕಡೆಯ ನಮ್ಮೂರಿನ ಪಕ್ಕದ ಮನೆ ಅಕ್ಕ ಕಣ್ಣ ಮುಂದೆ ಬಂದು ನಿಂತಳು...

ಅಕ್ಕ ಹುಳು ಸಾಕುತ್ತಿದ್ದಳು, ಪದವನ್ನೂ ಕಟ್ಟುತ್ತಿದ್ದಳು. ಸೊಪ್ಪು ಕೊಯ್ಯುತ್ತ ಒಂದು ಸಾಲು, ತಟ್ಟೆಗೆ ಹರಡುತ್ತ ಇನ್ನೊಂದು. ಸಂಜೆ ನನ್ನ ಹಾರ್ಮೋನಿಯಂ ಮುಂದೆ ಕೂತು ಅದಕ್ಕೊಂದು ರಾಗ ಹುಡುಕುವಳು. ತಿದಿ ಹಳೆಯದಾಗಿ ಆ ಪೆಟ್ಟಿಗೆ ಮುದುಕರ ಹಾಗೆ ಏದುಸಿರು ಬಿಡುತ್ತಿತ್ತು.

ಆಮೇಲೆ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಮೈಸೂರಿನ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿ, ದನಿ ಉಳಿದೀತೆಂದು ಹೇಳಲಾರೆ ಎಂದರು. ಅಕ್ಕ ಅಳಲಿಲ್ಲ. ಅಷ್ಟರೊಳಗೆ ಪದಗಳನ್ನೆಲ್ಲ ರೆಕಾರ್ಡು ಮಾಡಿಸಿ ಒಂದು ಆಲ್ಬಂ ಮಾಡಿಬಿಡೋಣ ಎಂದಳು.

ಹುಳು ಬಿಟ್ಟು ಸ್ಟುಡಿಯೋಗೆ ಹೋಗುವಂತಿರಲಿಲ್ಲ. ನಮ್ಮ ಮನೆಗಳೋ ರಸ್ತೆಗೆ ಅಂಟಿಕೊಂಡವು, ಬಸ್ಸಿನ ಹಾರನ್ನು ತಪ್ಪದು. ಹಿತ್ತಲಿನ ಹುಳದ ಮನೆಗೆ ಮಾತ್ರ ದಪ್ಪ ಮಣ್ಣಿನ ಗೋಡೆ, ಕಿಟಕಿಗೆ ಗೋಣಿಯ ಪರದೆ. ದಿನವನ್ನೂ ಅಕ್ಕನೇ ಆರಿಸಿದಳು. ಪೊರೆ ಬಿಡುವ ಮುಂಚೆ ಹುಳುಗಳು ಮೇವು ಮುಟ್ಟದೆ ತಲೆಯೆತ್ತಿ ಮಲಗುತ್ತವೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದ ದಿನ ಆ ಮನೆ ಗರ್ಭಗುಡಿಯಷ್ಟು ಮೌನ.

ಆದರೆ ನಂಜನಗೂಡಿನ ರೆಕಾರ್ಡಿಂಗಿನವನು ಯಾವುದೋ ಮದುವೆಯಲ್ಲಿ ಸಿಕ್ಕಿಕೊಂಡು ಮಾರನೆಯ ದಿನ ಬಂದ. ಅಷ್ಟು ಹೊತ್ತಿಗೆ ಹುಳುಗಳು ಎದ್ದು ಬೆಳಗಿನ ಸೊಪ್ಪಿಗೆ ಬಾಯಿ ಹಾಕಿದ್ದವು. ಮೈಕನ್ನು ತಟ್ಟೆ ಜೋಡಿಸುವ ಬಿದಿರಿಗೆ ಕಟ್ಟಿದೆವು. ದನಿ ಗುಂಯ್‌ಗುಡದಿರಲೆಂದು, ಹುಳುಗಳಿಂದ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗಳಾದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದೆವು. ಶ್ರುತಿಪೆಟ್ಟಿಗೆ ಹಚ್ಚಿದೆವು. ಅವನು ಹೆಡ್‌ಫೋನ್ ಹಾಕಿಕೊಂಡವನೇ ಎದ್ದು ಹೊರಗೆ ಹೋಗಿ ಆಕಾಶ ನೋಡಿ ಬಂದ.

"ಬಿಸ್ಲು ಸುಡ್ತಾ ಅದೆ. ಮಳೆ ಎಲ್ಲಕ್ಕಾ ಬತ್ತಿರೋದು?"

"ಉಳ ಸೊಪ್ಪು ತಿಂತಾವೆ ಕಣಪ್ಪ," ಎಂದು ಅಕ್ಕ ನಕ್ಕಳು.

ಪದ ಮುಗಿಯುವ ತನಕ ಇನ್ನು ಸೊಪ್ಪು ಹಾಕಬೇಡಿ ಎಂದು ಅವನು ಕೇಳಿಕೊಂಡ. ನಾನೂ ಅವನ ಪಕ್ಷವೇ ಹಿಡಿದೆ. ಇನ್ನೊಂದು ದಿನ ಸಿಗುವ ಹಾಗಿರಲಿಲ್ಲವಲ್ಲ. ಅಕ್ಕ ತಟ್ಟೆಗಳ ಕಡೆ ನೋಡಿದಳು.

"ಜ್ವರ ಬಿಟ್ಟೆದ್ದೋವ್ನ ಉಪಾಸ ಕೆಡವಿ ಪದ ಯೇಳು ಅಂದ್ರೆ ನನ್ ಬಾಯಿಂದ ಬರಾಕಿಲ್ಲ. ಅವು ತಿನ್ಲಿ, ನಾ ಯೇಳ್ತೀನಿ."

ಹೇಳಿದಳು. ಸೊಪ್ಪು ಹಾಕುವ ಹೊತ್ತಿಗೆ ಎದ್ದು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಮತ್ತೆ ಕೂರುವಳು. ಕೊನೆಯ ಪದಕ್ಕೆ ದನಿ ಒಡೆಯಿತು. ಇನ್ನೊಮ್ಮೆ ಹೇಳುತ್ತೀಯಾ ಎಂದರೆ ಬೇಡವೆಂದು ಕೈಯಾಡಿಸಿದಳು...

ಆಪರೇಷನ್ ಆದಮೇಲೆ ಆ ದನಿ ಬರಲೇ ಇಲ್ಲ. ಕಂಪ್ಯೂಟರಿನಲ್ಲಿ ಹುಳದ ಸದ್ದು ತೊಳೆಯಲು ಹೋದರೆ ಅಕ್ಕನ ದನಿಯೂ ತೆಳುವಾಗುತ್ತಿತ್ತಂತೆ; ರೆಕಾರ್ಡಿಂಗಿನವನು ಹಾಗೇ ಬಿಟ್ಟ. ಆಲ್ಬಂ ಹಾಕಿದರೆ, ತನ್ನ ದನಿ ಶುರುವಾಗುತ್ತಲೇ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಅದಕ್ಕೂ ಮುಂಚೆ ಹುಳು ಮೇಯುವ ಸದ್ದಿನ ಆ ಒಂದು ಗಳಿಗೆ ಮಾತ್ರ ತಲೆ ವಾರೆ ಮಾಡಿ ಕೇಳುವಳು. ಹೆಚ್ಚು ವರ್ಷ ಉಳಿಯಲಿಲ್ಲ.

ಬಸ್ಸಿನಲ್ಲಿ ಫೋನು ತೆಗೆದು ಮೊದಲ ಪದ ಹಾಕಿದೆ. ಗೂಡಿನ ಚೀಲದವನು ಕಿವಿಗೊಟ್ಟ. ಅಕ್ಕ ಬಾಯಿ ತೆರೆಯುವ ಮೊದಲೇ, "ನಾಕ್ನೇ ಜ್ವರ ಎದ್ದವೆ ಕಣ್ ಸಾ, ಒಳ್ಳೆ ಸೊಪ್ಪು ಬಿದ್ದದೆ," ಎಂದ. ಪದ ಮುಗಿದ ಮೇಲೆ ನನ್ನ ಕಡೆ ತಿರುಗಿದ.

"ಈ ಅಮ್ಮ ಈಗ್ಲೂ ಉಳ ಮೇಯಿಸ್ತಾರಾ ಸಾ?"

ಇಲ್ಲ ಎಂದೆ. ಅವನು ಚೀಲದ ಮೇಲೆ ಕೈಯಿಟ್ಟುಕೊಂಡು, ಇನ್ನೊಂದು ಸಲ ಹಾಕಿ ಎಂದ.

ಹಾಕಿದೆ. ಮೊದಲು ಮಳೆ ಬಂತು...