ಚಿಗವ್ವ ನನಗೆ ಕೊಟ್ಟ ಚೇಳಿನ ಮಂತ್ರ

ಮೊನ್ನೆ ಮೊಮ್ಮಗಳು ಚೌಕಾಬಾರ ಆಡುವುದಕ್ಕೆಂದು ಹುಣಸೆಬೀಜವನ್ನು ಅಂಗಳದ ಕಲ್ಲಿಗೆ ಗಸಗಸ ಉಜ್ಜುತ್ತಿದ್ದಳು. ಬೀಜ ಕಾದು, ಹುರಿದಂಥ ಒಂದು ವಾಸನೆ ಎದ್ದಿತು. ಅಷ್ಟೇ ಸಾಕಾಯಿತು, ಆನೆಗೊಂದಿಯ ನಮ್ಮ ಪಕ್ಕದ ಮನೆಯ ಚಿಗವ್ವ ಕಣ್ಣ ಮುಂದೆ ಬಂದು ಕೂತಳು. ಚೇಳು ಕಡಿದ ಜಾಗಕ್ಕೆ ಆಕೆ ಹೀಗೇ ಬೀಜ ಉಜ್ಜಿ ಅಂಟಿಸುತ್ತಿದ್ದಳು.

ಸಂಬಂಧದಲ್ಲಿ ಆಕೆ ನನಗೆ ಏನೂ ಆಗಬೇಕಿರಲಿಲ್ಲ. ನಾನು ನಿಜಾಮರ ಕಾಲದಲ್ಲಿ, ಹದಿನಾರಕ್ಕೆ ಆ ಊರಿಗೆ ಸೊಸೆಯಾಗಿ ಬಂದವಳು, ಕೊರಳಲ್ಲಿ ಲಿಂಗ ಕಟ್ಟಿದವಳು. ಆಕೆ ಕ್ರಿಸ್ತನನ್ನು ನಂಬಿದವಳು. ಭಾನುವಾರದ ಪ್ರಾರ್ಥನೆ ತಪ್ಪಿಸಿದವಳಲ್ಲ. ಹಾಡು ಹೇಳಿದರೆ ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು. ರಾಗ ಮಾತ್ರ ಆ ದೇವರಿಗೇ ಪ್ರೀತಿ. ಆದರೆ ತಾಯಿಯಿಂದ ಬಂದ ಚೇಳಿನ ಮಂತ್ರವೂ ಆಕೆಯ ಬಾಯಲ್ಲಿತ್ತು. ನಮ್ಮೂರೆಂದರೆ ಬರೀ ಬಂಡೆಗಲ್ಲು, ಕಲ್ಲೆತ್ತಿದರೆ ಚೇಳು. ಜಾತಿ ಕೇಳದೆ ಜನ ಆಕೆಯ ಬಾಗಿಲಿಗೆ ಬರುತ್ತಿದ್ದರು.

ಆ ಮಂತ್ರಕ್ಕೊಂದು ಕಟ್ಟಳೆ. ಗ್ರಹಣ ಹಿಡಿದಾಗ ಸೊಂಟದುದ್ದ ಹೊಳೆ ನೀರಲ್ಲಿ ನಿಂತು ಜಪಿಸದಿದ್ದರೆ ಅದು ಸತ್ತುಹೋಗುತ್ತದಂತೆ. ಒಂದು ವರ್ಷ ಆ ಗ್ರಹಣ ಭಾನುವಾರ ಬೆಳಿಗ್ಗೆಯೇ ಬರಬೇಕೆ! ಅದೂ, ತಿಂಗಳಿಗೊಮ್ಮೆ ಗಂಗಾವತಿಯಿಂದ ಬಂಡಿಯಲ್ಲಿ ಬರುವ ಪಾದ್ರಿಗಳು ರೊಟ್ಟಿ, ದ್ರಾಕ್ಷಾರಸ ಕೊಡುವ ಭಾನುವಾರ. ಚಿಗವ್ವ ಎರಡನ್ನೂ ಬಿಡಲಿಲ್ಲ. ಹೊಳೆಯಿಂದ ಒದ್ದೆ ಸೀರೆಯಲ್ಲೇ ಪ್ರಾರ್ಥನಾ ಮಂದಿರಕ್ಕೆ ಓಡಿದಳು. ಒಣ ಸೀರೆ ಹಿಡಿದು ಆಕೆಯ ಹಿಂದೆ ಓಡಿದ ನಾನು ಬಾಗಿಲಲ್ಲೇ ನಿಂತೆ.

“ಎಲ್ಲಿಗೆ ಹೋಗಿದ್ದಿ ತಂಗಿ?” ಪಾದ್ರಿಗಳು ಕೇಳಿದರು.

“ಹೊಳಿಗೆ ಹೋಗಿದ್ನಿರಿ. ಗ್ರಹಣ ಹಿಡದಿತ್ತು, ಮಂತ್ರ ಹೇಳಿ ಬಂದೆ.”

ಮಂದಿಯೆಲ್ಲ ತಲೆ ತಗ್ಗಿಸಿದರು. ಪಾದ್ರಿಗಳು ಕೆಟ್ಟವರಲ್ಲ, ದನಿ ಏರಿಸಲಿಲ್ಲ. “ಒಂದ ಬಾಯಾಗ ಎರಡು ಇರಬಾರ್ದು. ಅದನ್ನರ ಬಿಡು, ಇದನ್ನರ ಬಿಡು,” ಎಂದು ದ್ರಾಕ್ಷಾರಸದ ಬಟ್ಟಲನ್ನು ಪಕ್ಕದವರಿಗೆ ದಾಟಿಸಿದರು.

ಮೂರು ತಿಂಗಳು ಬಟ್ಟಲು ಹಾಗೇ ಆಕೆಯನ್ನು ದಾಟಿಹೋಯಿತು. ಚಿಗವ್ವನ ಹಾಡು ನಿಂತಿತು. ಮಂತ್ರ ಬಿಟ್ಟರೆ ಚೇಳು ಕಡಿದವರ ಗತಿ ಏನು, ಬಿಡದಿದ್ದರೆ ತನ್ನ ದೇವರ ಪಂಕ್ತಿಯಲ್ಲಿ ಜಾಗವಿಲ್ಲ… ಕಡೆಗೆ ಒಂದು ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದಳು. ಮಂತ್ರವನ್ನು ಇನ್ನೊಬ್ಬರ ಕಿವಿಗೆ ಹಾಕಿದರೆ ಅದು ಅವರದಾಗುತ್ತದೆ, ಕೊಟ್ಟವರು ಮತ್ತೆ ತುಟಿಗೆ ತರುವ ಹಾಗಿಲ್ಲ. ಆಕೆ ಅದನ್ನು ಕೊಡಲು ಆರಿಸಿದ್ದು ನನ್ನನ್ನು.

“ನನಗ್ಯಾಕ ಚಿಗವ್ವಾ?” ಎಂದೆ.

“ಊರ ಸುದ್ದಿ ಎಲ್ಲಾ ಮಾತಾಡ್ತಿ, ಆದ್ರ ಒಬ್ರ ಮನಿ ಗುಟ್ಟು ಹೊರಗ ಹಾಕಿದಾಕಿ ಅಲ್ಲ.”

ಮಂತ್ರದ ಕೊನೆಗೆ ದೇವರ ಹೆಸರಲ್ಲಿ ಇಡುವ ಎರಡು ಆಣೆಗಳಿದ್ದವು. ಹಳೆಯದು ನಮ್ಮ ಸೀಮೆಯ ದೇವಿ ಹುಲಿಗೆವ್ವನದು, ಇನ್ನೊಂದು ಆಕೆಯೇ ಸೇರಿಸಿದ ಯೇಸುವಿನದು. ಯಾವುದು ಹೇಳಲಿ ಎಂದರೆ, “ಎರಡೂ ಹೇಳು. ಯಾರು ಮೊದ್ಲ ಓಡಿ ಬರ್ತಾರೋ ಬರ್ಲಿ,” ಎಂದು ಎಷ್ಟೋ ದಿನಗಳ ಮೇಲೆ ನಕ್ಕಳು.

ಮುಂದಿನ ತಿಂಗಳು, ಮಂತ್ರ ಬಿಟ್ಟೆನೆಂದು ಪಾದ್ರಿಗಳಿಗೆ ಹೇಳಿದ ಮೇಲೆ ಆಕೆಗೆ ಬಟ್ಟಲು ಸಿಕ್ಕಿತು, ನಮ್ಮ ಅಡುಗೆಮನೆಗೆ ಹಾಡು ಸಿಕ್ಕಿತು. “ಕಿವಿಗೆ ಮತ್ತ ಕೆಲಸ ಬಂತು ನೋಡು,” ಎಂದು ಅತ್ತೆ ಗೊಣಗಿದರೂ ಖುಷಿಯಾಗಿಯೇ ಇದ್ದರು.

ಆ ಬೇಸಿಗೆಯಲ್ಲಿ ಒಲೆಗೆಂದು ಸಗಣಿ ಕುಳ್ಳು ತೆಗೆಯಲು ಹೋಗಿ ಚಿಗವ್ವನಿಗೇ ಚೇಳು ಕಡಿಯಿತು. ಸೆರಗು ಕಚ್ಚಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಮುಂದೆ ಕೈ ಚಾಚಿದಳು. ಅಲ್ಲಿಯವರೆಗೆ ನಾನು ಯಾರಿಗೂ ಮಂತ್ರ ಹಾಕಿರಲಿಲ್ಲ. ಭುಜದಿಂದ ಬೆರಳಿನವರೆಗೆ ನೀವುತ್ತ ಹೇಳತೊಡಗಿದೆ. ಅರ್ಧಕ್ಕೇ ಮರೆತೆ. ಎಷ್ಟೋ ವರ್ಷ ಅದನ್ನು ಹೇಳಿಕೊಂಡು ಬಂದವಳು ಆಕೆ. ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ಬಿಗಿಹಿಡಿದು ಕೂತಳೇ ಹೊರತು ಒಂದಕ್ಷರ ಎತ್ತಿಕೊಡಲಿಲ್ಲ. ಬಿಟ್ಟೆನೆಂದರೆ ಬಿಟ್ಟೆ ಎನ್ನುವ ಹೆಂಗಸು. ಹೇಗೋ ನಾನೇ ನೆನಪು ಮಾಡಿಕೊಂಡು, ಎರಡೂ ಆಣೆ ಹೇಳಿ ಮುಗಿಸಿದೆ.

“ಇಳೀತವ್ವಾ,” ಎಂದಳು.

ಆಕೆ ಹೋದಾಗ ನಾನು ಬಾಣಂತನಕ್ಕೆ ಕಾರಟಗಿಯ ತವರಲ್ಲಿದ್ದೆ. ಬರುವಷ್ಟರಲ್ಲಿ ಮಣ್ಣು ಮಾಡಿದ್ದರು. ಈಗ ಚೇಳು ಕಡಿದವರನ್ನು ನಾನೇ ದವಾಖಾನೆಗೆ ಅಟ್ಟುತ್ತೇನೆ, ಅದೇ ಸರಿ. ಮಂತ್ರ ಕಲಿಸು ಎಂದು ಯಾರೂ ಬಂದಿಲ್ಲ, ಅದರ ಬಗ್ಗೆ ಬೇಜಾರೂ ಇಲ್ಲ. ಆದರೆ ಅವತ್ತು ನೋವು ನಿಜವಾಗಿ ಇಳಿದಿತ್ತೋ, ನನ್ನ ಮುಖ ನೋಡಲಾರದೆ ಹಾಗೆಂದಳೋ… ಎಂದಾದರೂ ನಗುತ್ತ ಕೇಳಿದರಾಯಿತು ಎಂದುಕೊಂಡಿದ್ದೆ. ಈಗ ಕೇಳೋಣವೆಂದರೆ ಆಕೆ ಇಲ್ಲ.