ನೇರಳೆ ಬೆನ್ನಿನ ಕೋಳಿ

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಹೊಲಿಗೆಯ ತಪ್ಪು ಹಿಡಿಯುವ ಚೆಕ್ಕರ್ ಆಗಿದ್ದವರಿಗೆ ಅಲ್ಲಿಯ ಹುಡುಗಿಯರು ಇಟ್ಟ ಹೆಸರು ರಿಜೆಕ್ಟ್ ಅತ್ತೆ. ನಿವೃತ್ತಿಯಾಗಿ ಮನೆಗೆ ಬಂದರೂ ಹೆಸರು ಬೆನ್ನು ಬಿಡಲಿಲ್ಲ, ಕಣ್ಣೂ ಬದಲಾಗಲಿಲ್ಲ. ಕಾರ್ಖಾನೆಯಲ್ಲಿ ಒಂದೆಳೆ ದಾರ ಇಣುಕಿದರೆ ಸಾಕು, ಕಾಲರು ಕೂದಲೆಳೆಯಷ್ಟು ಸೊಟ್ಟಗಿದ್ದರೆ ಸಾಕು, ಅಂಗಿ ಕೆಂಪು ಬುಟ್ಟಿಗೆ ಬೀಳುತ್ತಿತ್ತು. ಹೊಸದಾಗಿ ಸೇರಿದವರಿಗೆ ಅವರು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: "ಮೇಲೆ ನೋಡಿ ಮರುಳಾಗ್ಬೇಡಿ. ಒಳಗು ತಿರುವಿ ನೋಡಿ."

ಇಂಥವರ ಹಿತ್ತಲಿಗೆ ಸೊಸೆ ಐದು ಕೋಳಿ ತಂದು ಬಿಟ್ಟಳು. ಸೊಸೆಗೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ. ಹಗಲೆಲ್ಲ ಆ ಕೋಳಿಗಳ ಮುಖ ನೋಡುವ ಕರ್ಮ ಅತ್ತೆಯದು.

ಕೋಳಿಯಷ್ಟು ಹೇಸಿಗೆಯ ಪ್ರಾಣಿ ಇನ್ನೊಂದಿಲ್ಲ ಎಂದು ಅತ್ತೆ ಮೊದಲ ವಾರದಲ್ಲೇ ತೀರ್ಮಾನಿಸಿದರು. ಕಾಳಿನ ತಟ್ಟೆಯಲ್ಲಿ ನಿಂತೇ ಹಿಕ್ಕೆ ಹಾಕುತ್ತವೆ. ಅದನ್ನು ತುಳಿದುಕೊಂಡು ಬಂದು ನೀರಿನ ಬೋಗುಣಿಗೆ ಕಾಲಿಡುತ್ತವೆ. ಅದೇ ನೀರನ್ನು ಕುಡಿದು ಏನೋ ದೊಡ್ಡ ಕೆಲಸ ಮಾಡಿದವರ ಹಾಗೆ ಕತ್ತೆತ್ತಿ ಆಕಾಶ ನೋಡುತ್ತವೆ. ಬಟ್ಟೆ ಒಣಹಾಕಲು ಹೋಗುವಾಗ ಅತ್ತೆ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು.

ವಾಸನೆಯನ್ನಾದರೂ ಸಹಿಸಬಹುದಿತ್ತು, ಅವುಗಳ ನಡತೆಯನ್ನು ಸಹಿಸಲಾಗುತ್ತಿರಲಿಲ್ಲ. ಕರಿಯ ದಪ್ಪ ಕೋಳಿಯೊಂದಿತ್ತು, ಅತ್ತೆ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೊದಲ ಕಾಳು ಅದಕ್ಕೇ, ಗೂಡಿನ ಮೇಲಿನ ಕೋಲೂ ಅದಕ್ಕೇ. ಮೇಸ್ತ್ರಿ ಎರಡನೆಯದನ್ನು ಕುಟುಕಿದರೆ ಅದು ಮೂರನೆಯದನ್ನು ಕುಟುಕಬೇಕು, ಮೂರನೆಯದು ನಾಲ್ಕನೆಯದನ್ನು. ಕೊನೆಗೆ ಎಲ್ಲರ ಸಿಟ್ಟೂ ಇಳಿಯುತ್ತಿದ್ದದ್ದು ಐದನೆಯದರ ಮೇಲೆ. ಅದರ ಬೆನ್ನಿನ ಪುಕ್ಕವೆಲ್ಲ ಕಿತ್ತುಹೋಗಿ ಕೆಂಪು ಚರ್ಮ ಕಾಣುತ್ತಿತ್ತು. ರಕ್ತ ಒಸರಿದ ಜಾಗವನ್ನೇ ಹುಡುಕಿ ಹುಡುಕಿ ಉಳಿದವು ಕುಟುಕುತ್ತಿದ್ದವು. ಸೊಸೆ ಆಸ್ಪತ್ರೆಯಿಂದ ನೇರಳೆ ಬಣ್ಣದ ಔಷಧ ತಂದು ಹಚ್ಚಿದಳು. ಅಲ್ಲಿಗೆ ಅದರ ರೂಪ ಪೂರ್ತಿ ಕೆಟ್ಟಿತು. ಬೋಳು ಬೆನ್ನು, ಅದರ ಮೇಲೆ ಶಾಯಿ ಚೆಲ್ಲಿದಂಥ ನೇರಳೆ. ಅದನ್ನು ಕಂಡ ದಿನ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಚಳಿಗಾಲ ಬಂತು. ಹಗಲು ಗಿಡ್ಡವಾದಂತೆ ಮೊಟ್ಟೆಯೂ ಕಡಿಮೆಯಾಯಿತು. ದಿನಕ್ಕೆ ನಾಲ್ಕಿದ್ದದ್ದು ಒಂದಕ್ಕಿಳಿಯಿತು. ನಾಲ್ಕು ಕೋಳಿಗಳು ಹಳೆಯ ಪುಕ್ಕ ಉದುರಿಸಿ ಹೊಸದನ್ನು ತೊಟ್ಟು ಮಿರಮಿರ ಮಿಂಚುತ್ತಿದ್ದವು. ಆ ಒಂದು ಮೊಟ್ಟೆ ಸಿಗುತ್ತಿದ್ದದ್ದು ಗೂಡಿನಲ್ಲಿ ಹುಲ್ಲು ಹಾಸಿಟ್ಟಿದ್ದ ಬುಟ್ಟಿಯಲ್ಲಿ, ಅದರಲ್ಲಿ ಕೂತಿರುತ್ತಿದ್ದದ್ದು ಮೇಸ್ತ್ರಿ.

"ಈ ಚಳಿಯಲ್ಲೂ ದುಡಿಯೋದು ಇದೊಂದೇ," ಎಂದು ಅತ್ತೆ ಮೇಸ್ತ್ರಿಯನ್ನು ಪಾಸು ಮಾಡಿದರು. "ಆ ನೇರಳೆಯದನ್ನ ಕೋಳಿ ಅಂಗಡಿಗೆ ಕೊಟ್ಟುಬಿಡು. ರೋಗದ್ದು. ನೋಡೋಕೆ ವಾಕರಿಕೆ ಬರುತ್ತೆ."

"ಹಗಲು ಉದ್ದ ಆಗೋವರೆಗೂ ಕಾಯೋಣ ಅತ್ತೆ. ಬೆನ್ನೂ ಮಾಯುತ್ತೆ," ಎಂದಳು ಸೊಸೆ. "ನಾನಿಲ್ಲದಾಗ ಏನೂ ಮಾಡ್ಬೇಡಿ. ಅಷ್ಟೇ ನಾನು ಕೇಳೋದು."

"ಆಯ್ತು ಕಣಮ್ಮ, ಕಾಯ್ತೀನಿ," ಎಂದರು ಅತ್ತೆ.

ಎಂಟು ದಿನ ಕಾದರು. ಒಂಬತ್ತನೆಯ ದಿನ ಆ ಕೋಳಿ ಅಡಿಗೆಮನೆಯ ಹೊಸ್ತಿಲು ದಾಟಿ ಬಂದು, ಒಲೆಯ ಬುಡದಲ್ಲಿ ಮುದುರಿ ಕೂತಿತ್ತು. ನೆಲದ ಮೇಲೆ ನೇರಳೆ ಗುರುತು, ಪಕ್ಕದಲ್ಲಿ ಹಸಿ ಹಿಕ್ಕೆ. ಅತ್ತೆಯ ಮೈಯೆಲ್ಲ ಮುಳ್ಳಾಯಿತು. ಹಳೆಯ ಚೀಲವೊಂದನ್ನು ಅದರ ಮೇಲೆ ಹಾಕಿ, ಮುಖ ತಿರುಗಿಸಿಕೊಂಡೇ ಬಾಚಿ ಎತ್ತಿ, ರಸ್ತೆ ಮೂಲೆಯ ಕೋಳಿ ಅಂಗಡಿಗೆ ಹೋದರು.

"ನೀನೇ ಏನಾದ್ರೂ ಮಾಡ್ಕೋ. ನಮಗೆ ವಾಪಸ್ಸು ಬೇಡ," ಎಂದು ಹೇಳಿ ಹಿಂದೆ ನೋಡದೆ ಬಂದರು. ಬಂದವರೇ ನೆಲ ಉಜ್ಜಿದರು, ಕೈಯನ್ನು ಮೂರು ಸಲ ತೊಳೆದರು. ಮನೆ ಮೊದಲಿನ ಹಾಗಾಯಿತು ಎನಿಸಿ ಹಾಯಾಯಿತು.

ಮಧ್ಯಾಹ್ನ ಕೋಳಿ ಅಂಗಡಿಯವನು ಬಾಗಿಲಿಗೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ.

"ಇದು ನಿಮ್ದು ಅಕ್ಕ," ಎಂದು ಬಿಚ್ಚಿದ. ಒಳಗೊಂದು ಮೊಟ್ಟೆ. "ಕೊಯ್ದಾಗ ಹೊಟ್ಟೆಯಲ್ಲಿ ಸಿಕ್ತು. ಇವತ್ತೇ ಇಡೋದಿತ್ತು. ಅದರ ಹಿಂದೆ ಮುಂದಿನ ಮೊಟ್ಟೆಗಳ ಹಳದಿ ಉಂಡೆ ಸಾಲಾಗಿದ್ವು, ನಿಂಬೆಹಣ್ಣಿನ ಗಾತ್ರದಿಂದ ಸಾಸಿವೆ ಗಾತ್ರದವರೆಗೂ. ಬಣ್ಣ ನೋಡಿ ನಾನೂ ರೋಗದ್ದು ಅಂದ್ಕೊಂಡೆ. ಕಾಲು ನೋಡ್ಬೇಕಿತ್ತು."

"ಕಾಲಿಗೇನಾಗಿತ್ತು?"

"ಬಿಳಿಚಿಕೊಂಡಿತ್ತು. ಬಿಡದೆ ಮೊಟ್ಟೆ ಇಡೋ ಕೋಳಿ ಹಾಗೇ ಅಕ್ಕ, ಕಾಲಿನ ಹಳದಿಯೆಲ್ಲ ಮೊಟ್ಟೆಗೇ ಹೋಗುತ್ತೆ. ಕೂತು ತಿನ್ನೋದರ ಕಾಲು ಅರಿಸಿನದ ಹಾಗಿರುತ್ತೆ."

ಅವನು ಹೋದ ಮೇಲೆ ಅತ್ತೆ ಮೂಗಿಗೆ ಏನೂ ಕಟ್ಟಿಕೊಳ್ಳದೆ ಹಿತ್ತಲಿಗೆ ಹೋದರು. ಮೇಸ್ತ್ರಿ ಬುಟ್ಟಿಯಲ್ಲಿ ಬೆಚ್ಚಗೆ ಕೂತಿತ್ತು. ಎರಡೂ ಕೈ ಹಾಕಿ ಎತ್ತಿದರು. ಕೆಳಗೆ ಬರೀ ಹುಲ್ಲು. ಕಾಲು ಹೊಳೆಯುವ ಹಳದಿ. ಉಳಿದ ಮೂರನ್ನೂ ಅಟ್ಟಾಡಿಸಿ ನೋಡಿದರು, ಮೂರರದ್ದೂ ಹಳದಿ. ನೇರಳೆಯದು ಮೊಟ್ಟೆ ಇಟ್ಟ ಮೇಲೆ ಮೇಸ್ತ್ರಿ ಅದನ್ನು ಓಡಿಸಿ ಬಂದು ಕೂರುತ್ತಿತ್ತು. ಬುಟ್ಟಿಯ ಪಕ್ಕ ಒಂದು ಗಳಿಗೆ ನಿಂತಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅತ್ತೆ ಒಂದು ದಿನವೂ ನಿಂತಿರಲಿಲ್ಲ.

ಸಂಜೆ ಸೊಸೆ ಬಂದಾಗ ಅವಳ ಚೀಲದಲ್ಲಿ ಔಷಧದ ಹೊಸ ಬಾಟಲಿಯಿತ್ತು. ಅತ್ತೆ ಮೊಟ್ಟೆಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದರು, ಒಂದು ಮಾತೂ ಮುಚ್ಚಿಡಲಿಲ್ಲ.

"ಒಳಗು ತಿರುವಿ ನೋಡಿದ್ದು ಅವನು ಕಣಮ್ಮ. ನಾನಲ್ಲ."

ಸೊಸೆ ಮೊಟ್ಟೆಯನ್ನು ಮುಟ್ಟಲಿಲ್ಲ. "ಕಾಯ್ತೀನಿ ಅಂದಿದ್ರಿ," ಎಂದಳು. ಕೂಗಾಡಿದ್ದರೆ ಅತ್ತೆಗೆ ಸುಲಭವಾಗುತ್ತಿತ್ತು.

ಬುಟ್ಟಿ ಅಂದಿನಿಂದ ಖಾಲಿಯೇ ಉಳಿಯಿತು. ನಾಲ್ಕು ದಿನಗಳಲ್ಲಿ, ಉಳಿದವುಗಳ ಪೈಕಿ ಮೈಮೇಲೆ ಚುಕ್ಕೆಯಿದ್ದ ಕೋಳಿಯ ಬೆನ್ನು ಬೋಳಾಗತೊಡಗಿತು, ಈಗ ಕೊನೆಯ ಸ್ಥಾನ ಅದರದು. ಅತ್ತೆ ಬಾಟಲಿ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು, ಅದನ್ನು ಮಡಿಲಲ್ಲಿ ಅದುಮಿ ಹಿಡಿದು ಔಷಧ ಹಚ್ಚಿದರು. ಹಿಡಿದ ಕೈಗೆ ಅದರ ಎದೆ ಡವಡವ ಬಡಿದುಕೊಳ್ಳುವುದು ತಿಳಿಯುತ್ತಿತ್ತು. ಹೆದರಿದ ಕೋಳಿ ಅವರ ಮಡಿಲಿಗೇ ಹಿಕ್ಕೆ ಹಾಕಿತು. ಅದರ ಬಿಸಿ, ಬಟ್ಟೆಯನ್ನು ದಾಟಿ ತೊಡೆಗೆ ತಾಗಿತು.

ಅತ್ತೆ ಏಳಲಿಲ್ಲ.

"ಹಾಕು," ಎಂದರು. "ನನಗೆ ಹೀಗೇ ಆಗ್ಬೇಕು."